ಕುಡಿದಿರಲಿಲ್ಲ

ಲ್ಯಾಬಿನ ಬೆಂಚಿನಲ್ಲಿ ರಕ್ತ ಕೊಡಲು ಕಾಯುತ್ತಿದ್ದ ಟೀಚರಮ್ಮನ ಪಕ್ಕದಲ್ಲೇ ಒಬ್ಬ ಟೈಲರ್ ಮತ್ತು ಅವನ ತಮ್ಮ ಕೂತಿದ್ದರು. ರಿಪೋರ್ಟು ತಮ್ಮನ ಕೈಯಲ್ಲಿತ್ತು.

"ಅಣ್ಣಾ, ನಿನ್ನ ನರ ಸವೀತಿದೆಯಂತೆ. ರಕ್ತದಲ್ಲೇ ಗೊತ್ತಾಗಿದೆ."

"ಕೈ ನಡುಗೋದು, ತೂರಾಡೋದು, ಎಲ್ಲಾ ಅದರಿಂದಾನೇ?"

"ಹೂಂ. ಕುಡಿತದಿಂದ ಅಲ್ಲ."

"ನಾನೂ ಅದನ್ನೇ ಬಡ್ಕೊಂಡೆ."

"ಗಿರಾಕಿಗಳ ಮುಂದೇನೇ ನಿನ್ನ ಬಾಯಿ ಮೂಸಿಬಿಟ್ಟೆ."

"ವಾಸನೆ ಬರಲಿಲ್ಲ. ಆದ್ರೂ ನೀನು ನಂಬಲಿಲ್ಲ."

ತಮ್ಮ ತಲೆ ತಗ್ಗಿಸಿದ. ಕಿವಿ ಮುಚ್ಚಿಕೊಳ್ಳಲಾಗದೆ ಟೀಚರಮ್ಮ ನೆಲ ನೋಡುತ್ತ ಕೂತರು.

"ಯಾವ ಮುಖ ಇಟ್ಕೊಂಡು ಕ್ಷಮಿಸು ಅನ್ನಲಿ?"

"ಅದಿರಲಿ. ಕುಡುಕನ ಜೊತೆ ಬಾಳಲ್ಲ ಅಂತ ತವರಿಗೆ ಹೋದ್ಲಲ್ಲ ನಿಮ್ಮತ್ತಿಗೆ, ಅವಳಿಗೆ ಹೇಳು."

"ಇಬ್ಬರೂ ಈಗ್ಲೇ ಹೋಗೋಣ."

"ನೀನೊಬ್ಬನೇ ಹೋಗು. ನಾನು ತೂರಾಡ್ತಾ ಬಂದ್ರೆ ಅವಳು ಬಾಗಿಲೇ ತೆಗೆಯಲ್ಲ."

ತಮ್ಮ ಅಣ್ಣನ ತೋಳು ಹಿಡಿದು ಮೆಟ್ಟಿಲಿಳಿಸಿದ.