ಟ್ಯಾಂಕ್ ಹತ್ತಿದ ಮರ್ಯಾದೆ

ಸರ್ಕಾರಿ ಕಚೇರಿಯ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ದರ್ಜಿಯೂ ಅವನ ಅತ್ತಿಗೆಯೂ ಕೂತಿದ್ದರು. ಅತ್ತಿಗೆ ಅವರ ಹಳ್ಳಿಯ ನರ್ಸು.

“ಸಿಗ್ನಲ್ ಇಲ್ಲದ ಊರು ಅಂತ ಪಟ್ಟಿಗೆ ಸೇರಿದ್ರೆ ಸರ್ಕಾರದ ದುಡ್ಡಲ್ಲೇ ಉಪಗ್ರಹದ ಇಂಟರ್ನೆಟ್ ಬರ್ತಿತ್ತು. ಸರ್ವೆಯವನಿಗೆ ಸಿಗ್ನಲ್ ಫುಲ್ ಇದೆ ಅಂದ್ಯಲ್ಲೋ ಪುಣ್ಯಾತ್ಮ!”

“ಫೋನ್ ನೋಡಿದೀರಾ ಅಂತ ಕೇಳ್ದ ಅತ್ತಿಗೆ! ಮರ್ಯಾದೆ ಹೋಗಲ್ವಾ? ನೀರಿನ ಟ್ಯಾಂಕ್ ಹತ್ತಿಸಿ ತೋರಿಸ್ದೆ.”

“ಹೆರಿಗೆ ಮಧ್ಯೆ ಡಾಕ್ಟರನ್ನ ಕೇಳೋಕೆ ಆ ಟ್ಯಾಂಕ್ ಹತ್ತೋಳು ನಾನು!”

“ಅದಕ್ಕೇ ತಪ್ಪಾಯ್ತು ಅಂತ ಬರ್ಕೊಟ್ಟಿದೀನಲ್ಲ.”

ಅಷ್ಟರಲ್ಲಿ ಗುಮಾಸ್ತರು ಹೊರಗೆ ಬಂದರು. “ನಿಮ್ಮ ಅರ್ಜಿ ಓದ್ದೆ. ಮಂಗಳವಾರ ನಾನೇ ಬಂದು ನೋಡ್ತೀನಿ. ಹೆರಿಗೆ ಕೋಣೇಲಿ ಸಿಗ್ನಲ್ ಸಿಗದಿದ್ರೆ ಊರು ಪಟ್ಟಿಗೆ ಸೇರುತ್ತೆ.”

ಅತ್ತಿಗೆ ಮುಖವರಳಿಸಿ ಎದ್ದರು. “ಅವತ್ತು ಜಂಬ ಕೊಚ್ಚಬೇಡ, ತಿಳೀತಾ?”

“ಆಯ್ತು. ಏನು ಕೇಳಿದ್ರೂ ಇಲ್ಲ, ಇಲ್ಲ ಅಂತೀನಿ.”

“ನರ್ಸು ಇದಾಳಾ ಅಂದ್ರೆ ಇದಾಳೆ ಅನ್ನೋ!” ಎನ್ನುತ್ತ ಅತ್ತಿಗೆ ಮೆಟ್ಟಿಲಿಳಿದರು.