ಅಳಿಯನ ಕೈಯಲ್ಲಿ ದಾಳ

ಒಂದೂರಿನಲ್ಲಿ ಒಬ್ಬ ಸಾಹುಕಾರನಿದ್ದ. ಯಾವ ಊರು ಎಂದು ಕೇಳಬೇಡಿ. ಹೇಳಿದರೆ ನೀವೆಲ್ಲ ಪ್ರವಚನ ಬಿಟ್ಟು ಅವನ ಮನೆ ಯಾವ ಓಣಿಯಲ್ಲಿದೆ ಎಂದು ಹುಡುಕಲು ಹೊರಡುತ್ತೀರಿ. ಮೆಣಸಿನಕಾಯಿ ದಲಾಲಿ ಅಂಗಡಿಯವನು, ಅಷ್ಟು ಸಾಕು. ಅವನ ಅಂಗಡಿಯ ಮುಂದೆ ಸೀನದೆ ಹಾದುಹೋದವರಿಲ್ಲ.

ಸಾಹುಕಾರ ಕೆಟ್ಟವನಲ್ಲ, ನೋಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಥೆಯಲ್ಲಿ ಶ್ರೀಮಂತ ಬಂದ ಕೂಡಲೇ ಅವನಿಗೆ ಈಗ ಶಿಕ್ಷೆಯಾಗುತ್ತದೆ ಎಂದು ನೀವು ನೆಟ್ಟಗೆ ಕೂರುತ್ತೀರಿ. ಇವನು ಹಮಾಲರ ಮಕ್ಕಳ ಮದುವೆಗೆ ತಾನೇ ಹೋಗಿ ಅಕ್ಕಿಕಾಳು ಹಾಕಿ ಬರುತ್ತಿದ್ದವನು. ಅವನಿಗೆ ಇದ್ದದ್ದು ಒಂದೇ ಖಯಾಲಿ. ಮಾರ್ಕೆಟ್ ತಣ್ಣಗಾದ ಮೇಲೆ ವರ್ಷಕ್ಕೊಮ್ಮೆ ಗೆಳೆಯರ ಜೊತೆ ಗೋವಾಕ್ಕೆ ಹೋಗುತ್ತಿದ್ದ. ಯಾಕೆ ನಗುತ್ತೀರಿ? ದೇವರ ದರ್ಶನಕ್ಕೆ ಗೋವಾಕ್ಕೆ ಹೋಗುವವರೂ ಇದ್ದಾರೆ. ಆದರೆ ನೀವು ನಕ್ಕದ್ದು ಸರಿಯೇ. ಇವನು ಹೋಗುತ್ತಿದ್ದದ್ದು ಹೊಳೆಯಲ್ಲಿ ನಿಂತ ಹಡಗಿನ ಕ್ಯಾಸಿನೊಕ್ಕೆ.

ಅಲ್ಲಿ ಕ್ರ್ಯಾಪ್ಸ್ ಎನ್ನುವ ದಾಳದ ಆಟವಿದೆ. ಮಠದ ಅಜ್ಜಾರಿಗೆ ಇದೆಲ್ಲ ಹೇಗೆ ಗೊತ್ತು ಎಂದು ಹಿಂದಿನ ಸಾಲಿನಲ್ಲಿ ಗುಸುಗುಸು ಬೇಡ. ಸಾಹುಕಾರನೇ ಬಂದು ಹೇಳಿದ. ಮಠಕ್ಕೆ ಬಂದವರೆಲ್ಲ ಬರೀ ತಮ್ಮ ಪುಣ್ಯವನ್ನೇ ಹೇಳಿಕೊಳ್ಳುತ್ತಾರೆ ಎಂದುಕೊಂಡಿದ್ದೀರಾ?

ಉದ್ದನೆಯ ಮೇಜು, ಸುತ್ತ ಅಂಚು ಎತ್ತರ, ನಮ್ಮ ದನದ ಗೋದಲಿಯ ಹಾಗೆ. ಸುತ್ತ ಜನ ನಿಂತಿರುತ್ತಾರೆ. ಒಬ್ಬ ಎರಡು ದಾಳ ಎಸೆಯುತ್ತಾನೆ. ಮೊದಲ ಎಸೆತದಲ್ಲಿ ಏಳೋ ಹನ್ನೊಂದೋ ಬಿದ್ದರೆ ಗೆದ್ದ. ಎರಡು, ಮೂರು, ಹನ್ನೆರಡು ಬಿದ್ದರೆ ಸೋತ. ಬೇರೆ ಏನೇ ಬಿದ್ದರೂ ಅದು ಅವನ ಸಂಖ್ಯೆ. ಮತ್ತೆ ಮತ್ತೆ ಎಸೆಯಬೇಕು. ಆ ಸಂಖ್ಯೆ ತಿರುಗಿ ಬಂದರೆ ಗೆಲುವು, ಅದಕ್ಕೆ ಮೊದಲು ಏಳು ಬಂದರೆ ಸೋಲು. ಮೊದಲು ಕೈಹಿಡಿದ ಏಳೇ ಆಮೇಲೆ ಕುತ್ತಿಗೆ ಹಿಡಿಯುತ್ತದೆ. ಹಾಗಾಗಿ ಆ ಮೇಜಿನ ಹತ್ತಿರ ಯಾರೂ ಬಾಯಿಬಿಟ್ಟು ಏಳು ಎನ್ನುವುದಿಲ್ಲವಂತೆ. ನಮ್ಮಲ್ಲಿ ರಾತ್ರಿ ಹಾವು ಎನ್ನಬಾರದು, ಹುಳ ಎನ್ನಬೇಕು ಎನ್ನುತ್ತಾರಲ್ಲ, ಹಾಗೆ.

ಸಾಹುಕಾರ ಈ ಆಟವನ್ನು ಅರೆದು ಕುಡಿದಿದ್ದ. ಮೇಜಿನ ಅಂಚಿನಲ್ಲಿ ಒಂದು ಗೆರೆ ಇದೆ, ಅದರ ಮೇಲಷ್ಟೇ ಇಡುತ್ತಿದ್ದ. ಅಲ್ಲಿ ಆಟಗಾರನಿಗೂ ಹಡಗಿನವನಿಗೂ ಹೆಚ್ಚುಕಡಿಮೆ ಸರಿಸಮ. ಸಂಖ್ಯೆ ಗೊತ್ತಾದ ಮೇಲೆ ಅದರ ಹಿಂದೆ ಇನ್ನೊಂದಿಷ್ಟು ಇಡಬಹುದು, ಅದರಲ್ಲಿ ಹಡಗಿನವನು ಏನೂ ಮುರಿದುಕೊಳ್ಳುವುದಿಲ್ಲ. ಮೇಜಿನ ನಡುವೆ ಬಣ್ಣಬಣ್ಣದ ಚೌಕಗಳಿವೆ. ಅಲ್ಲಿ ಹನ್ನೆರಡು ಬಿದ್ದರೆ ಒಂದಕ್ಕೆ ಮೂವತ್ತು! ಕೇಳಿದರೆ ಬಾಯಲ್ಲಿ ನೀರು ಬರುತ್ತದಲ್ಲವೇ? ಆದರೆ ಎರಡು ದಾಳ ಬೀಳುವ ಬಗೆ ಮೂವತ್ತಾರು, ಅದರಲ್ಲಿ ಹನ್ನೆರಡಾಗುವ ಬಗೆ ಒಂದೇ ಒಂದು. ಮೂವತ್ತೈದು ಕೊಡಬೇಕಾದಲ್ಲಿ ಮೂವತ್ತು ಕೊಟ್ಟು ನಮಸ್ಕಾರ ಹೇಳುತ್ತಾರೆ. ಸಾಹುಕಾರ ಆ ನಡುವಿನ ಚೌಕಗಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

"ದಾಳಕ್ಕ ನೆನಪು ಇರೂದಿಲ್ಲೋ," ಎಂದು ಗೆಳೆಯರಿಗೆ ಹೇಳುತ್ತಿದ್ದ. "ಹತ್ತು ಸಲ ಬರಲಿಲ್ಲ, ಈಗ ಬರಾಕ ಬೇಕು ಅಂತೀರಿ. ಅದಕ್ಕೇನು ನಿಮ್ಮ ಸಾಲ ತೀರಿಸೂ ಹಂಗೈತೇನು?"

ಆಡುವ ದುಡ್ಡು ಅಂಗಿಯ ಮೇಲಿನ ಜೇಬಿನಲ್ಲಿ, ಮನೆಯ ದುಡ್ಡು ಒಳಜೇಬಿನಲ್ಲಿ. ಮೇಲಿನ ಜೇಬು ಖಾಲಿಯಾಯಿತೋ, ಮೇಜು ಬಿಟ್ಟು ಬಂದು ಮೊಸರನ್ನ ತಿಂದು ಮಲಗುತ್ತಿದ್ದ. "ನಾನು ಜೂಜಾಡೂದಿಲ್ಲ, ಲೆಕ್ಕ ಹಾಕ್ತೀನಿ" ಎನ್ನುತ್ತಿದ್ದ. ಅಳಿಯ ಅಲ್ಲ, ಮಗಳ ಗಂಡ! ಎಷ್ಟೇ ಲೆಕ್ಕ ಹಾಕಿದರೂ ಕೊನೆಗೆ ಹಡಗಿನವನೇ ಗೆಲ್ಲುತ್ತಾನೆ. ಜಾಣ ನಿಧಾನವಾಗಿ ಸೋಲುತ್ತಾನೆ, ದಡ್ಡ ಬೇಗ ಸೋಲುತ್ತಾನೆ. ಆದರೂ ಹೇಳಬೇಕಾದ್ದನ್ನು ಹೇಳಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಅವನಿಗೆ ಗೊತ್ತಿತ್ತು.

ಹೀಗಿರುವಾಗ ಮಗಳ ಮದುವೆಯಾಯಿತು. ಮಗಳು ನೀಲವ್ವ, ಒಬ್ಬಳೇ ಮಗಳು. ಅಳಿಯ ಪಕ್ಕದ ಪಟ್ಟಣದಲ್ಲಿ ಟೈಲ್ಸ್ ಅಂಗಡಿ ಇಟ್ಟವನು. ದುಡಿಯುವ ಹುಡುಗ, ನಗುಮುಖ. ಆ ವರ್ಷ ಸಾಹುಕಾರ ಗೋವಾಕ್ಕೆ ಹೊರಟಾಗ ಅಳಿಯನನ್ನೂ ಕರೆದ. ಹೊಸ ಅಳಿಯನನ್ನು ಬಿಟ್ಟು ಹೋಗುವುದುಂಟೇ? ಕಾರಿನಲ್ಲಿ ಮುಂದಿನ ಸೀಟು ಅಳಿಯನಿಗೆ. ದಾರಿಯಲ್ಲಿ ಮೊದಲ ಚಹಾ ಅಳಿಯನಿಗೆ. ಹಡಗು ಹತ್ತಿ ಮೇಜಿನ ಹತ್ತಿರ ಬಂದಾಗ ದಾಳ ಎಸೆಯುವ ಸರದಿ ಸಾಹುಕಾರನದಾಯಿತು. ಅವನೇನು ಮಾಡಿದ ಗೊತ್ತೇ? ದಾಳವನ್ನೂ ಅಳಿಯನ ಕಡೆ ತಳ್ಳಿಸಿದ. "ಅಳ್ಯಾರು ಮೊದಲು ಒಗೀಲಿ" ಎಂದ. ಊಟದ ಪಂಕ್ತಿಯ ಮರ್ಯಾದೆಯನ್ನು ಜೂಜಿನ ಮೇಜಿಗೂ ತೆಗೆದುಕೊಂಡು ಹೋದ, ನೋಡಿ.

ಅಳಿಯ ಹೊಸಬ. ಅವನ ಕಣ್ಣು ನೆಟ್ಟಗೆ ನಡುವಿನ ಬಣ್ಣದ ಚೌಕಕ್ಕೆ ಹೋಯಿತು. ಹನ್ನೆರಡರ ಮೇಲೆ ಇಟ್ಟ, ಎಸೆದ. ಹನ್ನೆರಡೇ ಬಿತ್ತು!

ಬೀಳಬಾರದಿತ್ತು. ಅವತ್ತು ಬಿದ್ದದ್ದೇ ಕೇಡಾಯಿತು. ಗುರುತಿಲ್ಲದವರೆಲ್ಲ ಬೆನ್ನು ತಟ್ಟಿದರು, ಗೆಳೆಯರು ಶಿಳ್ಳೆ ಹಾಕಿದರು. ಹುಡುಗ ದುಡ್ಡಿನ ಬದಲು ಕೊಡುವ ಬಿಲ್ಲೆಗಳನ್ನು ಬಾಚಿಕೊಂಡು ಮತ್ತೆ ನಡುವಿಗೆ ಇಟ್ಟ. ಮತ್ತೆ ಇಟ್ಟ, ಮತ್ತೆ ಇಟ್ಟ. ಗೆದ್ದದ್ದು ಹೋಯಿತು, ತಂದದ್ದೂ ಹೋಯಿತು.

ಪಕ್ಕದಲ್ಲಿ ನಿಂತಿದ್ದವನು ಯಾರು? ಆ ಮೇಜಿನ ಲೆಕ್ಕವನ್ನೆಲ್ಲ ಬಲ್ಲವನು. ಅವನು ಒಂದು ಮಾತು ಆಡಿದನೇ? ಆಡಲಿಲ್ಲ. ಗೆಳೆಯನೊಬ್ಬ ತೋಳು ಹಿಡಿದು ಪಕ್ಕಕ್ಕೆ ಎಳೆದ.

"ಅಲ್ಲಿ ಇಡಬ್ಯಾಡ ಅಂತ ಹುಡುಗಗ ಒಂದು ಮಾತು ಹೇಳಪಾ."

"ಹೆಂಗ ಹೇಳ್ಲಿ? ಮಗಳನ್ನ ಕೊಟ್ಟೀನಿ. ನಾಕು ಮಂದ್ಯಾಗ ಅಳ್ಯಾಗ ಬುದ್ಧಿ ಹೇಳಿದ್ರ ಚಂದ ಕಾಣ್ತೈತೇನು?"

ಅಷ್ಟರಲ್ಲಿ ಅಳಿಯ ತಿರುಗಿ ನೋಡಿದ. ಬಾಯಿಬಿಟ್ಟು ಏನೂ ಕೇಳಲಿಲ್ಲ, ಸುಮ್ಮನೆ ನಕ್ಕ. ಸಾಹುಕಾರನ ಕೈ ಒಳಜೇಬಿಗೆ ಹೋಯಿತು. ಇಷ್ಟು ವರ್ಷದಲ್ಲಿ ತನಗಾಗಿ ಒಮ್ಮೆಯೂ ಆ ಜೇಬಿಗೆ ಕೈ ಹಾಕದವನು ಅಳಿಯನ ಮುಖ ನೋಡಿ ಹಾಕಿದ. ಆಸೆಯಿಂದ ಹಾಕಿದನೇ? ಅಲ್ಲ. ಆಸೆಯನ್ನು ಅವನು ಎಂದೋ ಗೆದ್ದಿದ್ದ. ಅವನನ್ನು ಸೋಲಿಸಿದ್ದು ನಾಚಿಕೆ. ಇಲ್ಲ ಎಂದರೆ ನಾಲ್ಕು ಜನ ಏನೆಂದಾರು ಎಂಬ ನಾಚಿಕೆ. ನಿಮ್ಮಲ್ಲಿ ಎಷ್ಟು ಮಂದಿ ಈಗ ನೆಲ ನೋಡುತ್ತಿದ್ದೀರಿ ಎಂಬುದು ನನಗೆ ಇಲ್ಲಿಂದ ಕಾಣುತ್ತದೆ. ನೋಡಿಕೊಳ್ಳಿ, ತಪ್ಪಿಲ್ಲ. ನಾವೆಲ್ಲ ಅದೇ ಮಣ್ಣಿನವರು.

ಅವತ್ತಿನದು ಅವತ್ತಿಗೆ ಮುಗಿಯಿತು ಎಂದುಕೊಂಡು ಸಾಹುಕಾರ ಊರಿಗೆ ಬಂದ.

ಶ್ರಾವಣ ಬಂತು. ಪಂಚಮಿಗೆ ನೀಲವ್ವ ತವರಿಗೆ ಬಂದಳು. ಜೋಕಾಲಿ ಆಡಿದಳು, ಉಂಡಿ ತಿಂದಳು. ಹಬ್ಬ ಮುಗಿಯಿತು. ಓಣಿಯ ಹೆಣ್ಣುಮಕ್ಕಳೆಲ್ಲ ಗಂಡನ ಮನೆಗೆ ಹೊರಟರು, ಇವಳು ಮಾತ್ರ ಹೊರಡುವ ಮಾತೆತ್ತಲಿಲ್ಲ. ತಾಯಿ ಕೇಳಿದರೆ "ಹೋದ್ರಾತು ಬಿಡವಾ" ಎನ್ನುತ್ತಿದ್ದಳು. ಒಂದು ಮಧ್ಯಾಹ್ನ ಅಪ್ಪನಿಗೆ ಊಟಕ್ಕೆ ಬಡಿಸುತ್ತ ಕೇಳಿದಳು.

"ಅಪ್ಪಾ, ಆ ಹಡಗಿನ್ಯಾಗಿನ ಆಟ ನಿನಗ ಬರತೈತಲ್ಲ?"

"ಯಾಕವಾ?"

"ಶನಿವಾರ ಬಂತಂದ್ರ ಅವರು ಅಂಗಡಿ ಬಾಗಲಾ ಹಾಕ್ಕೊಂಡು ಗೋವಾಕ್ಕ ಹೋಗ್ತಾರ. ಕೇಳಿದ್ರ, ನಿಮ್ಮಪ್ಪನೂ ಆಡ್ತಾರಲ್ಲ, ನಿಮ್ಮಪ್ಪ ಏನು ಹಾಳಾಗಿ ಹೋಗ್ಯಾರೇನು ಅಂತಾರ. ನಾ ಏನು ಹೇಳ್ಲಿ ನೀನ ಹೇಳು."

ಸಾಹುಕಾರ ತಟ್ಟೆ ಸರಿಸಿದ. ಪಾಪ, ಅವನ ಸ್ಥಿತಿ ಯೋಚಿಸಿ. ಮಗಳ ಸಂಸಾರ ಕಣ್ಣಮುಂದೆ ಕುಸಿಯುತ್ತಿದೆ, ಅದರ ಮೊದಲ ಇಟ್ಟಿಗೆ ಕಿತ್ತ ಕೈ ತನ್ನದೇ. ಕೈ ತೊಳೆದವನೇ ಕಾರು ಹತ್ತಿ ಅಳಿಯನ ಅಂಗಡಿಗೆ ಹೋದ.

ಗಿರಾಕಿಗಳಿರಲಿಲ್ಲ. ಅಳಿಯ ಎದ್ದು ಕುರ್ಚಿ ಹಾಕಿ, ಚಹಾ ತರಿಸಲು ಹೊರಟ. ಸಾಹುಕಾರ ಕೂರಲಿಲ್ಲ.

"ಅಳ್ಯಾರ, ನೀವು ಆಡೂ ರೀತಿ ಬರೋಬ್ಬರಿ ಇಲ್ರಿ. ನಡುವಿನ ಮನಿಯೊಳಗ ಇಟ್ಟವರು ಯಾರೂ ಉಳದಿಲ್ಲ."

ಅಳಿಯನ ಮುಖ ಕೆಂಪಾಯಿತು. ತಲೆ ತಗ್ಗಿಸಿದ. ಆಮೇಲೆ ಮೆಲ್ಲಗೆ ಅಂದದ್ದನ್ನು ಕಿವಿಗೊಟ್ಟು ಕೇಳಿ, ಈ ಕಥೆ ಹೇಳುತ್ತಿರುವುದೇ ಆ ಮಾತಿಗಾಗಿ.

"ಮಾವಾರ, ಅವತ್ತ ನೀವು ನನ್ನ ಬಾಜೂಕ ನಿಂತಿದ್ರಿ. ಎಲ್ಲಾ ಬಲ್ಲವರು. ಒಂದು ಮಾತು ಬ್ಯಾಡ ಅನ್ಲಿಲ್ಲ. ಮ್ಯಾಲ ಒಳಗಿನ ಜೇಬಿನಿಂದ ತಗದು ಕೊಟ್ರಿ. ಇದು ಬರೋಬ್ಬರಿ ಐತಿ ಅಂತನ ತಿಳಕೊಂಡೆ ನಾನು."

ಮೌನಂ ಸಮ್ಮತಿ ಲಕ್ಷಣಂ ಎಂದು ನಾವು ಹೆಣ್ಣು ನೋಡುವಾಗಷ್ಟೇ ಹೇಳುತ್ತೇವೆ. ಅದು ಎಲ್ಲ ಕಡೆಗೂ ಸಲ್ಲುತ್ತದೆ. ಮರ್ಯಾದೆ ಎಂದು ಮಾವ ಬಾಯಿ ಮುಚ್ಚಿಕೊಂಡ, ಒಪ್ಪಿಗೆ ಎಂದು ಅಳಿಯ ತಿಳಿದುಕೊಂಡ. ಇಬ್ಬರಲ್ಲಿ ಯಾರನ್ನು ಬೈಯುತ್ತೀರಿ? ನನಗಂತೂ ಇಬ್ಬರ ಮೇಲೂ ಮರುಕವೇ ಬರುತ್ತದೆ.

ಸಾಹುಕಾರ ಆ ಕುರ್ಚಿಯಲ್ಲಿ ಕೂತ. ಅಳಿಯ ಹತ್ತಿರ ಬಂದು ಕೂತು ಕೇಳಿದ, "ಹಂಗಾರ ನಿಮ್ಮ ಲೆಕ್ಕಾನ ನನಗ ಕಲಿಸ್ರಿ ಮಾವಾರ. ಗೆರಿ ಮ್ಯಾಲ ಇಡ್ತೀನಿ, ನಡುವ ಇಡೂದಿಲ್ಲ."

ಸಾಹುಕಾರ ಹುಡುಗನ ಮುಖ ನೋಡಿದ. ಕಣ್ಣಲ್ಲಿ ಮುಂದಿನ ಶನಿವಾರ ಆಗಲೇ ಹೊಳೆಯುತ್ತಿತ್ತು.

"ಇಲ್ರಿ. ಆ ಲೆಕ್ಕ ಜೇಬು ಖಾಲಿ ಆದಾಗ ಬಿಟ್ಟು ಬರಾಂವಗ. ನಿಮಗ ಬಿಟ್ಟು ಬರಾಕ ಆಗೂದಿಲ್ಲ. ಬಿಟ್ಟು ಬರಾಕ ಆಗದಾಂವಗ ಒಂದ ಲೆಕ್ಕ, ಆ ಮೇಜಿನ ಹತ್ರ ಹೋಗಬಾರದು."

"ನೀವು ಹೋಗಬಹುದು, ನಾ ಹೋಗಬಾರದು?"

ನ್ಯಾಯವಾದ ಪ್ರಶ್ನೆಯಲ್ಲವೇ? ವರ್ಷವೆಲ್ಲ ಮೆಣಸಿನಕಾಯಿ ಘಾಟಿನಲ್ಲಿ ದುಡಿದ ಸಾಹುಕಾರನಿಗೆ ಅದೊಂದೇ ಮೋಜು. ತಾನಾಗಿ ಒಂದು ದಿನವೂ ಮಿತಿ ಮೀರಿದವನಲ್ಲ. ಆದರೂ ಅಂದ, "ನಾನೂ ಬಿಟ್ಟೆ. ಇವತ್ತಿಂದ ಬಿಟ್ಟೆ."

ಅಷ್ಟಕ್ಕೇ ಮುಗಿಸಲಿಲ್ಲ. ಶನಿವಾರದ ಮಧ್ಯಾಹ್ನ ಅಳಿಯನ ಮನೆಯ ಬಾಗಿಲಿಗೆ ಬಂದು ನಿಂತ. ಹೆಣ್ಣು ಕೊಟ್ಟ ಅಪ್ಪ ಮಗಳ ಮನೆಯಲ್ಲಿ ಠಿಕಾಣಿ ಹೂಡಬಾರದು ಎನ್ನುವ ಹಿರಿಯರು ಇಲ್ಲೇ ಮುಂದಿನ ಸಾಲಿನಲ್ಲಿದ್ದೀರಿ. ಅವನ ಬೀಗರೂ ಹಾಗೇ ಅಂದರು, ಅಕ್ಕಪಕ್ಕದವರೂ ಆಡಿಕೊಂಡರು. "ಆಡ್ಕೊಳ್ಲಿ ಬಿಡ್ರಿ" ಎಂದ ಸಾಹುಕಾರ. ಅಳಿಯನ ಜೊತೆ ಅಂಗಡಿಯಲ್ಲಿ ಕೂತ, ಉಂಡ, ಭಾನುವಾರ ಸಂಜೆಯವರೆಗೂ ಅಲುಗಲಿಲ್ಲ. ಮುಂದಿನ ಶನಿವಾರ ಮತ್ತೆ ಬಂದ.

ಒಂದು ವಾರ ಸಾಹುಕಾರನಿಗೆ ಜ್ವರ ಬಂದು ಬರಲಾಗಲಿಲ್ಲ. ಅಳಿಯ ಹಡಗಿಗೆ ಹೋದ. ಹೌದು, ಹೋದ. ಕಥೆ ಎಂದು ನಾನು ಸುಳ್ಳು ಹೇಳುವುದಿಲ್ಲ, ಅಂಟಿದ ಚಟ ಒಂದು ಮಾತಿಗೆ ಬಿಟ್ಟುಹೋಗುವುದಿಲ್ಲ. ಆದರೆ ಈ ಸಲ ಮೇಜಿನ ಹತ್ತಿರದಿಂದಲೇ ಫೋನ್ ಮಾಡಿದ. "ಮಾವಾರ, ನಾ ಇಲ್ಲಿ ಬಂದು ನಿಂತೀನಿ. ಬಿಟ್ಟು ಬರಾಕ ಆಗವಲ್ದು."

ಜ್ವರದಲ್ಲಿ ಮಲಗಿದ್ದ ಮಾವ ಏನೆಂದ ಗೊತ್ತೇ? ಬುದ್ಧಿ ಹೇಳಲಿಲ್ಲ. ಅಳ್ಯಾರೇ ಎನ್ನಲಿಲ್ಲ, ರೀ ಎನ್ನಲಿಲ್ಲ. "ಬಾರೋ ತಮ್ಮಾ. ಎಲ್ಲಾ ಅಲ್ಲೇ ಬಿಟ್ಟು ಬಾ. ನೀ ಬರೂಮಟ ಫೋನ್ ಇಡೂದಿಲ್ಲ ನಾನು" ಎಂದ. ಹುಡುಗ ಫೋನ್ ಕಿವಿಗೆ ಹಿಡಿದುಕೊಂಡೇ ಹಡಗು ಇಳಿದ. ಮರುದಿನ ತಾನಾಗಿ ಮಾವನ ಮನೆಗೆ ಬಂದು ಹೆಂಡತಿಯ ಮುಂದೆ ಕೂತು ಎಲ್ಲವನ್ನೂ ಹೇಳಿದ. ನೀಲವ್ವ ಅಳುತ್ತಲೇ ಸೀರೆ ಮಡಚಿ ಚೀಲಕ್ಕೆ ಹಾಕಿಕೊಂಡಳು, ಗಂಡನ ಜೊತೆ ಹೊರಟಳು.

ತಾಯಂದಿರೇ, ಹಿರಿಯರೇ, ಈಗ ನಿಮ್ಮ ಸರದಿ. ಹಡಗಿಗೆ ಹೋಗುವವರು ಇಲ್ಲಿ ನಾಲ್ಕೇ ಮಂದಿ ಇರಬಹುದು. ಆದರೆ ಮೊಬೈಲಿನಲ್ಲಿ ಪಣ ಕಟ್ಟುವ ಮಗ ಎಷ್ಟು ಮನೆಯಲ್ಲಿದ್ದಾನೆ? ಕೈಮೀರಿ ಮನೆ ಕಟ್ಟಲು ಹೊರಟ ತಮ್ಮ? ಸಂಜೆಯಾದರೆ ಕುಡಿದು ಬರುವ ಬೀಗ? ನಿಮಗೆ ಗೊತ್ತು, ಎಲ್ಲ ಗೊತ್ತು. ಎದುರಿಗೆ ನಿಂತಾಗ ಮಾತ್ರ ನಕ್ಕು, ಆಯ್ತು ಬಿಡ್ರಿ ಅಂದು, ಒಳಜೇಬಿಗೆ ಕೈ ಹಾಕುತ್ತೀರಿ.

ಇನ್ನು ಮೇಲೆ ಹಾಗೆ ಮಾಡಬೇಡಿ. ಆಡಲೇಬೇಕೆನ್ನುವವರು ಮಿತಿಯನ್ನು ಮನೆಯಲ್ಲೇ ಹಾಕಿಕೊಳ್ಳಿ, ಹೆಂಡತಿಗೆ ಬಾಯಿಬಿಟ್ಟು ಹೇಳಿ ಹೊರಡಿ. ಹೋದದ್ದನ್ನು ತಿರುಗಿ ತರಲು ಇನ್ನೊಂದು ಆಟ ಆಡಬೇಡಿ. ಬಿಟ್ಟು ಬರಲು ಆಗುವುದಿಲ್ಲ ಎಂದು ನಿಮಗೇ ಗೊತ್ತಿದ್ದರೆ ಆ ಕಡೆ ಹೋಗಲೇಬೇಡಿ, ಅದರಲ್ಲಿ ಅವಮಾನವಿಲ್ಲ. ಆಡದೆ ಪಕ್ಕದಲ್ಲಿ ನಿಂತವರಿದ್ದೀರಲ್ಲ, ನಿಮಗೇ ನಾನು ಕೈಮುಗಿಯುವುದು. ಇವತ್ತು ಪ್ರಸಾದ ಮುಗಿಸಿ ಮನೆಗೆ ಹೋದವರು ಆ ನುಂಗಿಕೊಂಡ ಮಾತನ್ನು ಆಡಿಬಿಡಿ. ಮಂದಿಯ ಮುಂದೆ ಬೇಡ, ಪಕ್ಕಕ್ಕೆ ಕರೆದು, ಪ್ರೀತಿಯಿಂದ ಹೇಳಿ. ಹೇಳಿ ಬಿಟ್ಟು ಬರಬೇಡಿ, ಶನಿವಾರ ಹೋಗಿ ಅವನ ಪಕ್ಕದಲ್ಲಿ ಕೂತುಕೊಳ್ಳಿ.

ಅವನಿಗೆ ಸಿಟ್ಟು ಬರುತ್ತದೆ. ಬರಲಿ. ಸಿಟ್ಟಾದವನನ್ನು ಹಬ್ಬಕ್ಕೆ ಕರೆದು ಸಮಾಧಾನ ಮಾಡಬಹುದು. ಮುಳುಗಿಹೋದವನನ್ನು ಯಾವ ಹಬ್ಬಕ್ಕೆ ಕರೆಯುತ್ತೀರಿ?