ಗುಡ್ಡದ ಮನೆಯ ಬಾವಿ ನೀರು

ಮಧ್ಯಾಹ್ನ ಮೂರಕ್ಕೇ ಕತ್ತಲು ಕವಿದು ಮಳೆ ಹಿಡಿಯಿತು, ನೀರು ಪರೀಕ್ಷೆಯ ಲ್ಯಾಬಿನಲ್ಲಿ ಕರೆಂಟೂ ಹೋಯಿತು. ಹಳ್ಳಿ ಮನೆಗಳ ಬಾವಿ ನೀರು ತರುವ ಕೆಲಸದಾಕೆ ಆಗಷ್ಟೇ ಐಸ್ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಿದ್ದಳು. ಒಳಗೆ ಆರು ಬಾಟಲಿ. ಅದರಲ್ಲೊಂದು ಸುಳ್ಳು. ಮಳೆಗೆ ಹೆದರಿ ಗುಡ್ಡ ಹತ್ತದೆ, ಕೆಳಗಿನ ಮನೆಯ ಬಾವಿಯಿಂದಲೇ ಎರಡು ಬಾಟಲಿ ತುಂಬಿ, ಒಂದಕ್ಕೆ ಗುಡ್ಡದ ಮನೆಯ ಚೀಟಿ ಅಂಟಿಸಿದ್ದಳು. ಆ ಮನೆಗೆ ಹೊಸದಾಗಿ ಬಂದ ಬಾಣಂತಿ, ಬಾವಿ ನೀರು ಕುಡಿಯಬಹುದೋ ಇಲ್ಲವೋ ಎಂದು ವರದಿಗೆ ಕಾಯುತ್ತಿದ್ದಳು.

ಹಿಂದೆ ಇದೇ ಕೆಲಸ ಮಾಡಿ ನಿವೃತ್ತನಾಗಿದ್ದ ಮುದುಕ, ಎಲ್ಲರ ಬಾಯಲ್ಲೂ ದೊಡ್ಡಪ್ಪ, ಮಳೆಗೆ ಸಿಕ್ಕಿ ಒಳಬಂದಿದ್ದ. ಸ್ಟೂಲೆಳೆದು ಆಕೆಯ ಮತ್ತು ಲ್ಯಾಬಿನ ಹುಡುಗಿಯ ಎದುರು ಕೂತ.

"ಕರೆಂಟ್ ಬರೋ ತನಕ ಒಂದು ವಿಷಯ ಹೇಳ್ತೀನಿ, ಕೇಳಿ. ನಿಮ್ಮ ವಯಸ್ಸಲ್ಲಿ ನಾನು ಮಹಾ ಮೈಗಳ್ಳ. ಗುಡ್ಡದ ಮೇಲೆ ಒಂದೇ ಮನೆ, ಒಂದೇ ಬಾವಿ... ಯಾರು ಹತ್ತುತ್ತಾರೆ ಹೇಳಿ? ಕೆಳಗಿನ ನೀರನ್ನೇ ತುಂಬಿ ಚೀಟಿ ಅಂಟಿಸಿ, ಆಫೀಸಿಗೆ ಚಳ್ಳೆಹಣ್ಣು ತಿನ್ನಿಸ್ದೆ. ಕುಡಿಯಲು ಯೋಗ್ಯ ಅಂತ ವರದಿ ಹೋಯ್ತು. ಅಲ್ಲೊಬ್ಬಳು ತಾಯಿ, ಮೂರು ವರ್ಷದ ಮಗಳು. ಅಲ್ಲೀತನಕ ಪಾಪ, ಕೆಳಗಿಂದ ಕೊಡ ಹೊತ್ತು ತರ್ತಿದ್ದವಳು, ಅವತ್ತಿಂದ ಬಾವಿ ನೀರೇ ಕುಡಿಸಿದ್ಲು. ಎಂಟೇ ದಿನ... ವಾಂತಿ, ಭೇದಿ, ಮಗು ಹೋಯ್ತು. ಹಿಂದೆಯೇ ತಾಯೀನೂ ಹೋದ್ಲು. ಇವತ್ತಿಗೂ ನಂಗೆ ತುತ್ತು ಗಂಟಲಲ್ಲಿ ಇಳಿಯಲ್ಲ ಅಂದ್ರೆ ನಂಬ್ತೀರಾ?"

ಆಕೆ ಪೆಟ್ಟಿಗೆಯ ಕಡೆ ನೋಡಲಿಲ್ಲ.

"ಬುದ್ಧಿ ಬಂತಾ? ಎಲ್ಲಿಂದ ಬರುತ್ತೆ. ಮರುವರ್ಷ ಬೇರೆ ಊರಲ್ಲಿ ಮತ್ತೆ ಅದೇ ಆಟ. ಐದು ಬಾಟ್ಲಿ ಇಟ್ಟಿದ್ದೆ, ಇಲ್ಲಿ ಬಂದು ತೆಗೆದ್ರೆ ಆರು. ಹೆಚ್ಚಿನದಕ್ಕೆ ಚೀಟಿ ಇಲ್ಲ. ಅಷ್ಟು ಐಸ್ ಮಧ್ಯೆಯೂ ಬೆಚ್ಚಗಿತ್ತು ಕಣ್ರೀ, ಯಾರೋ ಇಷ್ಟೊತ್ತೂ ಕೈಯಲ್ಲೇ ಹಿಡ್ಕೊಂಡು ಬಂದ ಹಾಗೆ. ಪರೀಕ್ಷೆ ಮಾಡಿದ್ರೆ, ನಾನು ಹೋಗದೆ ಬಿಟ್ಟ ಬಾವಿದೇ ನೀರು... ವಿಷ. ನಾವು ಹತ್ತದ ಗುಡ್ಡ ಆ ತಾಯಿ ಹತ್ತುತ್ತಾಳೆ. ಈಗಲೂ."

ಕರೆಂಟ್ ಬಂತು. ಲ್ಯಾಬಿನ ಹುಡುಗಿ ಪೆಟ್ಟಿಗೆ ತೆಗೆದು ಎಣಿಸಿದಳು.

"ಅಕ್ಕಾ, ಆರು ಅಂತ ಬರ್ದಿದ್ದೀರಿ. ಏಳಿದೆ."

ಚೀಟಿಯಿಲ್ಲದ ಬಾಟಲಿಯನ್ನು ಆಕೆ ಮುಟ್ಟಿದಳು. ಚಟ್ಟನೆ ಕೈ ಹಿಂದೆಗೆದಳು.

"ಬೆಚ್ಚಗಿದೆಯಾ?" ದೊಡ್ಡಪ್ಪ ಮೆಲ್ಲಗೆ ಕೇಳಿದ.

ಆಕೆ ಗುಡ್ಡದ ಮನೆಗೆ ಫೋನ್ ಮಾಡಿದಳು. "ಬಾವಿ ನೀರು ಕುಡೀಬೇಡಿ," ಎಂದಳು.

"ಗೊತ್ತು," ಎಂದಳು ಬಾಣಂತಿ. "ನಿಮ್ಮ ಆಫೀಸಿನ ಅಕ್ಕ ಒಬ್ರು ಬಂದು ಬಾಟ್ಲಿ ತುಂಬ್ಕೊಂಡು, ಹಾಗೇ ಹೇಳಿ ಹೋದ್ರಲ್ಲ. ಪಾಪ, ನೆನೆದು ತೊಪ್ಪೆಯಾಗಿದ್ರು. ಪುಟ್ಟ ಮಗಳು ಬೇರೆ ಜೊತೇಲಿದ್ಲು."